ಕೆಲಸ ಬರುತ್ತೆ, ಹೇಳಿಕೊಳ್ಳೋಕೆ ಬರಲ್ಲ

ಸ್ವಂತ ಕೆಲಸ ಶುರು ಮಾಡಿದವರು ತಮ್ಮ ಕಷ್ಟ ಬರೆಯಿರಿ ಎಂದು ಹೋದ ಸಲ ಕೇಳಿದ್ದೆ. ಬಂಡವಾಳ, ಸಾಲ, ಬಾಕಿ ವಸೂಲಿ ಅಂತೆಲ್ಲ ಬರೆಯುತ್ತೀರಿ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಕೆಲಸ ಗೊತ್ತು, ಅದನ್ನು ನಾಲ್ಕು ಜನರ ಮುಂದೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೆ ಮೀಸಲು.

ಪ್ರಶ್ನೆ: ಮೇಡಂ, ನಾನು ಫೋಟೋಗ್ರಾಫರ್. ಮೂರು ವರ್ಷದಿಂದ ಸ್ವಂತವಾಗಿ ಕೆಲಸ ಮಾಡುತ್ತಿದ್ದೇನೆ. ಒಂದು ಸಲ ಕೆಲಸ ಕೊಟ್ಟವರು ಮತ್ತೆ ನನ್ನನ್ನೇ ಕರೆಯುತ್ತಾರೆ, ಅಂದರೆ ಕೆಲಸ ಚೆನ್ನಾಗಿದೆ ಅಂತ ಅಲ್ವಾ? ಆದರೆ ಹೊಸಬರು ಬರುವುದೇ ಇಲ್ಲ. ಯಾರಾದರೂ ‘ಏನು ಮಾಡ್ಕೊಂಡಿದೀರಿ’ ಅಂದರೆ ‘ಏನೋ ಸಣ್ಣಪುಟ್ಟ ಫೋಟೋ ತೆಗೀತೀನಿ’ ಅಂತ ಹೇಳಿ ಮಾತು ಬದಲಿಸಿಬಿಡುತ್ತೇನೆ. ನಮ್ಮ ಬೆನ್ನು ನಾವೇ ತಟ್ಟಿಕೊಳ್ಳಬಾರದು ಅಂತ ಮನೆಯಲ್ಲಿ ಹೇಳಿ ಬೆಳೆಸಿದರು. ನನ್ನ ನಂತರ ಶುರು ಮಾಡಿದವರು ಮುಂದೆ ಹೋಗಿಬಿಟ್ಟರು. ಈ ಸ್ವಭಾವ ಬದಲಾಗುತ್ತದಾ?
– ಹೆಸರು ಬೇಡ

ಉತ್ತರ: ಆ ‘ಏನೋ ಸಣ್ಣಪುಟ್ಟ’ ಅನ್ನುವ ಮಾತಿನಿಂದಲೇ ಶುರು ಮಾಡೋಣ. ನಿಮ್ಮನ್ನು ಕೇಳಿದವರು ಹೊಗಳಿಕೊಳ್ಳಿ ಅಂತ ಕೇಳಲಿಲ್ಲ. ಅವರಿಗೆ ಮುಂದಿನ ತಿಂಗಳು ಒಬ್ಬ ಫೋಟೋಗ್ರಾಫರ್ ಬೇಕಾಗಿರಬಹುದು. ಯಾರನ್ನು ಕರೆಯುವುದು ಅಂತ ಒಂದು ವಾರದಿಂದ ತಲೆ ಕೆಡಿಸಿಕೊಂಡಿರಬಹುದು. ನೀವು ಸಣ್ಣಪುಟ್ಟ ಅಂದ ತಕ್ಷಣ ಅವರು ಅದನ್ನೇ ನಂಬುತ್ತಾರೆ, ಯಾಕೆಂದರೆ ನಿಮ್ಮ ಕೆಲಸದ ಬಗ್ಗೆ ಅವರ ಹತ್ತಿರ ಇರುವುದು ಅದೊಂದೇ ಮಾತು. ನೀವು ಅದನ್ನು ವಿನಯ ಅಂದುಕೊಂಡಿರಿ. ಅವರಿಗೆ ಸಿಕ್ಕಿದ್ದು ಮಾತ್ರ ತಪ್ಪು ಮಾಹಿತಿ.

ಹೊಗಳಿಕೊಳ್ಳುವುದು ಬೇರೆ, ತಿಳಿಸುವುದು ಬೇರೆ. ‘ನನ್ನಷ್ಟು ಚೆನ್ನಾಗಿ ಯಾರೂ ತೆಗೆಯಲ್ಲ’ ಅಂದರೆ ಅದು ಹೊಗಳಿಕೆ. ‘ನಾನು ಚಿಕ್ಕ ಮಕ್ಕಳ ಫೋಟೋ ತೆಗೀತೀನಿ. ಹೊಸ ಜಾಗಕ್ಕೆ ಬಂದರೆ ಮಕ್ಕಳು ಮುದುಡಿಕೊಳ್ತಾರೆ, ಅದಕ್ಕೆ ಮನೆಗೇ ಹೋಗಿ ಅವರು ಆಡ್ತಿರುವಾಗ ತೆಗೀತೀನಿ’ ಅಂದರೆ ಅದು ತಿಳಿಸುವುದು. ಈ ಎರಡನೆಯದರಲ್ಲಿ ಬೆನ್ನು ತಟ್ಟಿಕೊಳ್ಳುವ ಮಾತು ಎಲ್ಲಿದೆ, ಹುಡುಕಿ ನೋಡಿ. ಇಲ್ಲ. ಯಾರ ಫೋಟೋ, ಹೇಗೆ ತೆಗೆಯುತ್ತೀರಿ, ಯಾಕೆ ಹಾಗೆ, ಇಷ್ಟೇ ಇದೆ. ಮನೆಯವರು ಹೇಳಿಕೊಟ್ಟದ್ದನ್ನು ಬಿಡಬೇಕಾಗಿಲ್ಲ. ಅವರು ಜಂಬ ಬೇಡ ಅಂದರು, ಮಾಡುವ ಕೆಲಸವನ್ನೇ ಮುಚ್ಚಿಡು ಅಂತ ಹೇಳಲಿಲ್ಲವಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಹಿಂದೆ ನಾನು ಒಂದು ಸಂಸ್ಥೆಯ ಸಿಬ್ಬಂದಿಗೆ ಎರಡು ವರ್ಷ ತರಬೇತಿ ಕೊಡುತ್ತಿದ್ದೆ. ಅವರಿಗೆ ಪತ್ರ, ವರದಿ ಬರೆಯುವುದನ್ನು ಕಲಿಸುವವರು ಬೇಕಾದಾಗ ಹೊರಗಿನಿಂದ ಯಾರನ್ನೋ ಹುಡುಕಿ ಕರೆತಂದರು. ನನಗೆ ಇಷ್ಟವಾದ, ಚೆನ್ನಾಗಿ ಬರುತ್ತಿದ್ದ ಕೆಲಸ ಅದು. ಎಷ್ಟೋ ದಿನ ಮನಸ್ಸಿಗೆ ಹಚ್ಚಿಕೊಂಡು ಕೊರಗಿದೆ. ಕೊನೆಗೆ ಅಲ್ಲಿನವರೊಬ್ಬರನ್ನು ಕೇಳಿದರೆ ‘ಅದನ್ನೂ ಕಲಿಸ್ತೀರಿ ಅಂತ ನಮಗೆ ಗೊತ್ತೇ ಇರ್ಲಿಲ್ವಲ್ಲ ಮೇಡಂ’ ಅಂದರು. ಅವರು ನನ್ನನ್ನು ಕಡೆಗಣಿಸಿರಲಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ಒಳ್ಳೆಯ ಕೆಲಸ ತಾನೇ ಮಾತಾಡುತ್ತದೆ ಅಂತ ನಾವು ನಂಬಿರುತ್ತೇವೆ. ಅದು ಕೆಲಸ ನೋಡಿದವರ ಹತ್ತಿರ ಮಾತ್ರ ಮಾತಾಡುತ್ತದೆ, ನೋಡದವರ ಹತ್ತಿರ ನಾವೇ ಮಾತಾಡಬೇಕು.

ಇನ್ನು ಸ್ವಭಾವ ಬದಲಾಗುತ್ತದಾ ಅಂತ ಕೇಳಿದ್ದೀರಿ. ನೀವು ಒಬ್ಬರೇ ಹೀಗೆ ಅಂದುಕೊಳ್ಳಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಜಿಂಬಾರ್ಡೊ 1970ರ ದಶಕದಲ್ಲಿ ಸಂಕೋಚದ ಬಗ್ಗೆ ಸಮೀಕ್ಷೆ ಮಾಡಿದಾಗ ಸುಮಾರು 40% ಜನ ‘ನಾನು ಸಂಕೋಚದ ಸ್ವಭಾವದವನು’ ಎಂದೇ ಹೇಳಿದ್ದರು. ಅಂದರೆ ನಿಮ್ಮೆದುರು ನಿಂತಿರುವ ಐದು ಜನರಲ್ಲಿ ಇಬ್ಬರು ಒಳಗೊಳಗೇ ನಿಮ್ಮ ಹಾಗೇ ಒದ್ದಾಡುತ್ತಿರಬಹುದು. ಷೇರು ಹೂಡಿಕೆಯಿಂದ ಜಗತ್ತಿನ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದ ಅಮೆರಿಕದ ವಾರನ್ ಬಫೆಟ್ ಹೆಸರು ಕೇಳಿರುತ್ತೀರಿ. ಹರೆಯದಲ್ಲಿ ಅವರಿಗೆ ಎದ್ದು ನಿಂತು ಮಾತಾಡುವುದೆಂದರೆ ವಿಪರೀತ ಭಯ. ಡೇಲ್ ಕಾರ್ನೆಗಿಯವರ ಮಾತುಗಾರಿಕೆ ತರಗತಿಗೆ ಒಂದು ಸಲ ದುಡ್ಡು ಕಟ್ಟಿ, ಹೆದರಿಕೆಯಾಗಿ ಆ ಚೆಕ್ಕನ್ನೇ ನಿಲ್ಲಿಸಿಬಿಟ್ಟಿದ್ದರು. 1950ರ ದಶಕದ ಶುರುವಿನಲ್ಲಿ ಎರಡನೆಯ ಸಲ ಸೇರಿ ಮುಗಿಸಿದರು. ನನಗೆ ಮುಖ್ಯ ಅನಿಸುವುದು ಅವರು ಆಮೇಲೆ ಮಾಡಿದ್ದು. ಕಲಿತದ್ದು ಕೈಬಿಟ್ಟು ಹೋಗಬಾರದು ಅಂತ ತಮ್ಮೂರು ಒಮಾಹಾದ ವಿಶ್ವವಿದ್ಯಾಲಯದಲ್ಲಿ ಸಂಜೆ ತರಗತಿಗೆ ಪಾಠ ಹೇಳಲು ಒಪ್ಪಿಕೊಂಡರು, ತಮಗಿಂತ ತುಂಬಾ ದೊಡ್ಡವರಿಗೆ. ಧೈರ್ಯ ಬಂದ ಮೇಲೆ ಮಾತಾಡೋಣ ಅಂತ ಕೂರಲಿಲ್ಲ. ಮಾತಾಡಲೇಬೇಕಾದ ಜಾಗಕ್ಕೆ ಹೋಗಿ ನಿಂತರು.

ಇದರ ಹಿಂದೆ ಒಂದು ಕಾರಣ ಇದೆ. ಯಾರೋ ಕೆಲಸದ ಬಗ್ಗೆ ಕೇಳುತ್ತಾರೆ, ನಿಮ್ಮ ಎದೆ ಹೊಡೆದುಕೊಳ್ಳುತ್ತದೆ, ನೀವು ಮಾತು ಬದಲಿಸುತ್ತೀರಿ, ತಕ್ಷಣ ನಿರಾಳ. ಆ ನಿರಾಳವೇ ತೊಂದರೆ. ತಪ್ಪಿಸಿಕೊಂಡರೆ ಹಿತವಾಗುತ್ತದೆ ಅಂತ ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಬೇಗ ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಳ್ಳದೆ ಅಲ್ಲೇ ನಿಂತರೆ ಭಯ ಏರಿ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ, ಏನೂ ಕೆಟ್ಟದ್ದಾಗಲಿಲ್ಲ ಎಂದು ಮನಸ್ಸಿಗೆ ಗೊತ್ತಾಗುತ್ತದೆ. ಭಯದ ತೊಂದರೆಗಳಿಗೆ ಚಿಕಿತ್ಸೆ ಕೊಡುವವರು ಬಳಸುವ ದಾರಿಯೂ ಇದೇ, ಸಣ್ಣ ಭಯದಿಂದ ದೊಡ್ಡ ಭಯದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು.

ನಿಮ್ಮ ಮೊದಲ ಮೆಟ್ಟಿಲು ಇದು. ಇವತ್ತೇ ಮೂರು ವಾಕ್ಯ ಬರೆದುಕೊಳ್ಳಿ, ಯಾರಿಗಾಗಿ ಏನು ಮಾಡುತ್ತೀರಿ, ಹೇಗೆ ಮಾಡುತ್ತೀರಿ, ಈಚೆಗೆ ಮಾಡಿದ ಒಂದು ಕೆಲಸ. ಬಾಯಿಬಿಟ್ಟು ಹೇಳಿ, ಮನಸ್ಸಿನಲ್ಲಿ ಅಲ್ಲ. ಮನಸ್ಸಿನಲ್ಲಿ ಸರಾಗವಾಗಿ ಹೋದದ್ದು ನಾಲಿಗೆಗೆ ಬಂದಾಗ ತಡವರಿಸುತ್ತದೆ. ಎಲ್ಲಿ ತಡವರಿಸಿತೋ ಅಲ್ಲಿ ಪದ ಬದಲಿಸಿ. ಆಮೇಲೆ ಹತ್ತಿರದ ಒಬ್ಬ ಗೆಳೆಯರಿಗೆ ಹೇಳಿ, ಆಮೇಲೆ ಹಳೆಯ ಗ್ರಾಹಕರೊಬ್ಬರಿಗೆ, ಆಮೇಲೆ ಅಪರೂಪಕ್ಕೆ ಸಿಗುವ ಒಬ್ಬ ಪರಿಚಯದವರಿಗೆ.

ಈ ಅಪರೂಪದ ಪರಿಚಯದವರನ್ನು ಮರೆಯಲೇಬೇಡಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಆ ಪರಿಚಯದವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಸುಮಾರು 17% ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಸಿಗುವವರಿಂದ. ಯೋಚಿಸಿದರೆ ಅರ್ಥವಾಗುತ್ತದೆ. ನಮ್ಮ ಹತ್ತಿರದವರಿಗೆ ಗೊತ್ತಿರುವವರು ನಮಗೂ ಗೊತ್ತಿರುತ್ತಾರೆ. ದೂರದ ಪರಿಚಯದವರು ನಾವು ಕಾಲಿಡದ ಕಡೆಯಿಂದ ಸುದ್ದಿ ತರುತ್ತಾರೆ. ನೀವು ‘ಸಣ್ಣಪುಟ್ಟ’ ಅಂತ ಹೇಳಿ ಕಳಿಸುತ್ತಿರುವುದು ಅವರನ್ನೇ.

ಪ್ರಶ್ನೆ: ಅಕ್ಕಾ, ನಾನು ವೆಬ್‌ಸೈಟ್ ಮಾಡಿಕೊಡುತ್ತೇನೆ. ಕೆಲಸದ ಬಗ್ಗೆ ಮಾತಾಡುವಾಗ ಸರಿ ಇರುತ್ತೇನೆ. ‘ಎಷ್ಟಾಗುತ್ತೆ’ ಅಂತ ಕೇಳಿದ ತಕ್ಷಣ ಗಂಟಲು ಕಟ್ಟುತ್ತದೆ. ಅಂದುಕೊಂಡದ್ದಕ್ಕಿಂತ ಕಡಿಮೆ ಹೇಳಿ, ಅವರು ಏನೂ ಅನ್ನುವ ಮುಂಚೆಯೇ ‘ಜಾಸ್ತಿ ಆಯ್ತು ಅಂದ್ರೆ ನೋಡೋಣ ಸರ್’ ಅಂತ ನಾನೇ ಸೇರಿಸಿಬಿಡುತ್ತೇನೆ. ಏನು ಮಾಡಲಿ?
– ನಿಮ್ಮ ತಮ್ಮ

ಉತ್ತರ: ತಮ್ಮಾ, ಚೌಕಾಸಿ ಮಾಡುವವರು ಬೇರೆ ಯಾರೂ ಬೇಕಾಗಿಲ್ಲ, ಆ ಕೆಲಸ ನೀನೇ ಮಾಡಿಕೊಳ್ಳುತ್ತಿದ್ದೀಯ. ಕೇಳುವವರು ನಿನ್ನ ಬೆಲೆ ಅಳೆಯಲು ಕೇಳುತ್ತಿಲ್ಲ. ಅವರಿಗೆ ಒಂದು ಲೆಕ್ಕ ಬೇಕು, ತಮ್ಮ ಕೈಯಲ್ಲಿ ಆಗುತ್ತದಾ ಇಲ್ಲವಾ ನೋಡಿಕೊಳ್ಳಲು. ಅಷ್ಟೇ.

ರೇಟನ್ನು ಆ ಕ್ಷಣದಲ್ಲಿ ಯೋಚಿಸಬೇಡ. ಎದುರಿಗೆ ಜನ ಕೂತಾಗ ಸಂಕೋಚವೇ ಲೆಕ್ಕ ಹಾಕುತ್ತದೆ, ಅದು ಯಾವಾಗಲೂ ಕಡಿಮೆಯೇ ಹಾಕುತ್ತದೆ. ಮನೆಯಲ್ಲಿ ಒಬ್ಬನೇ ಇದ್ದಾಗ ಎಷ್ಟು ದಿನದ ಕೆಲಸ, ಏನೇನು ಸೇರಿದೆ, ಎಷ್ಟು ಸಲ ತಿದ್ದಿ ಕೊಡುತ್ತೀಯ, ಎಲ್ಲ ಬರೆದು ರೇಟು ಹಾಕಿಟ್ಟುಕೊ. ಕೇಳಿದಾಗ ಆ ಹಾಳೆಯಲ್ಲಿರುವುದನ್ನು ಹೇಳು. ಹೇಳಿದ ಮೇಲೆ ಸುಮ್ಮನಿರು. ಇದೇ ಕಷ್ಟದ ಭಾಗ, ನನಗೆ ಗೊತ್ತು. ಆ ಐದಾರು ಸೆಕೆಂಡಿನ ಮೌನ ನಿನಗೆ ಐದು ನಿಮಿಷದ ಹಾಗೆ ಅನಿಸುತ್ತದೆ, ಅವರು ಬೇಡ ಅನ್ನಲು ತಯಾರಾಗುತ್ತಿದ್ದಾರೆ ಅನಿಸುತ್ತದೆ. ಅವರು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿರುತ್ತಾರೆ. ಹಾಕಲಿ ಬಿಡು.

ಜಾಸ್ತಿ ಆಯ್ತು ಅಂದರೆ ರೇಟು ಇಳಿಸುವ ಬದಲು ಕೆಲಸ ಕಡಿಮೆ ಮಾಡು. ‘ಇಷ್ಟರೊಳಗೆ ಬೇಕು ಅಂದ್ರೆ ಈ ಎರಡು ಪುಟ ಈಗ ಬೇಡ, ಆಮೇಲೆ ಸೇರಿಸೋಣ’ ಅಂತ ಹೇಳಬಹುದು. ಹೀಗೆ ಹೇಳಿದರೆ ಮೊದಲು ಹೇಳಿದ ರೇಟು ಸುಮ್ನೆ ಹೇಳಿದ್ದಲ್ಲ ಅಂತ ಅವರಿಗೂ ಗೊತ್ತಾಗುತ್ತದೆ. ಕೆಲವರು ಬೇಡ ಅಂತ ಹೊರಟು ಹೋಗುತ್ತಾರೆ, ಹೋಗಲಿ. ಅದು ಆ ರೇಟಿಗೆ ಬೇಡ ಅಂದದ್ದು, ನಿನ್ನನ್ನು ಬೇಡ ಅಂದದ್ದಲ್ಲ.

ಪ್ರಶ್ನೆ: ಮುಂದಿನ ತಿಂಗಳು ಒಂದು ಕಂಪನಿಯ ಹತ್ತು ಜನರ ಮುಂದೆ ನನ್ನ ವ್ಯವಹಾರದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು. ಈಗಿನಿಂದಲೇ ನಿದ್ದೆ ಬರುತ್ತಿಲ್ಲ. ಕೈ ನಡುಗುತ್ತದೆ, ಧ್ವನಿ ನಡುಗುತ್ತದೆ, ಅವರಿಗೆ ಗೊತ್ತಾಗಿಬಿಡುತ್ತದೆ ಅನ್ನುವುದೇ ದೊಡ್ಡ ಚಿಂತೆ. ಸಮಾಧಾನ ಮಾಡಿಕೊ ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಯಾರೂ ಹೇಳಲ್ಲ.
– ಲೆಕ್ಕಪತ್ರ ನೋಡಿಕೊಡುವವಳು

ಉತ್ತರ: ಸಮಾಧಾನ ಮಾಡಿಕೊಳ್ಳಬೇಡಿ. ನಿಜವಾಗಿಯೇ ಹೇಳುತ್ತಿದ್ದೇನೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಇದರ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದರು. ಜನರ ಮುಂದೆ ಹಾಡುವುದು, ಭಾಷಣ ಮಾಡುವುದು, ಲೆಕ್ಕ ಬಿಡಿಸುವುದು ಇಂಥ ಕೆಲಸ ಕೊಟ್ಟು, ಮುಂಚೆ ‘ನಾನು ಶಾಂತವಾಗಿದ್ದೇನೆ’ ಎಂದು ಹೇಳಿಕೊಂಡವರಿಗಿಂತ ‘ನನಗೆ ಉತ್ಸಾಹವಾಗಿದೆ’ ಎಂದು ಹೇಳಿಕೊಂಡವರು ಚೆನ್ನಾಗಿ ಮಾಡಿದ್ದನ್ನು ಕಂಡರು. ಭಯದಲ್ಲೂ ಉತ್ಸಾಹದಲ್ಲೂ ಎದೆ ಒಂದೇ ಥರ ಹೊಡೆದುಕೊಳ್ಳುತ್ತದೆ. ಓಡುತ್ತಿರುವ ಎದೆಯನ್ನು ಒತ್ತಿ ನಿಲ್ಲಿಸುವುದು ಕಷ್ಟ, ಅದಕ್ಕೆ ಬೇರೆ ಹೆಸರು ಕೊಡುವುದು ಅಷ್ಟು ಕಷ್ಟ ಅಲ್ಲ.

ನಡುಕ ಗೊತ್ತಾಗಿಬಿಡುತ್ತದೆ ಅನ್ನುವ ಚಿಂತೆಗೂ ಉತ್ತರ ಇದೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಾಡುವವರು ಅಂದುಕೊಂಡಷ್ಟು ಅವರ ಗಾಬರಿ ಕೇಳುವವರಿಗೆ ಕಾಣುವುದಿಲ್ಲ ಎಂದು ಗೊತ್ತಾಯಿತು. ನನಗೆ ತುಂಬಾ ಹಿಡಿಸಿದ್ದು ಅವರ ಮುಂದಿನ ಪ್ರಯೋಗ. ‘ನಿಮ್ಮ ಗಾಬರಿ ನೀವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ’ ಎಂಬ ವಿಷಯವನ್ನು ಕೆಲವರಿಗೆ ಭಾಷಣಕ್ಕೆ ಮುಂಚೆಯೇ ತಿಳಿಸಿದರು, ಅವರ ಭಾಷಣ ಉಳಿದವರದಕ್ಕಿಂತ ಚೆನ್ನಾಗಿ ಬಂತು. ಈಗ ನಿಮಗೂ ತಿಳಿಸಿದ್ದೇನೆ.

ತಯಾರಿ ಬಗ್ಗೆ ಎರಡು ಮಾತು. ಪೂರ್ತಿ ಭಾಷಣ ಬಾಯಿಪಾಠ ಮಾಡಬೇಡಿ, ನಡುವೆ ಒಂದು ಪದ ಮರೆತರೆ ಎಲ್ಲ ಕೈತಪ್ಪುತ್ತದೆ. ಮೊದಲ ಒಂದು ನಿಮಿಷ ಮಾತ್ರ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ರೂಢಿ ಮಾಡಿಕೊಳ್ಳಿ, ಯಾಕೆಂದರೆ ಗಾಬರಿ ಜಾಸ್ತಿ ಇರುವುದು ಅಲ್ಲೇ. ಆ ಮೊದಲ ನಿಮಿಷದಲ್ಲಿ ನಿಮ್ಮ ಬಗ್ಗೆ ಹೇಳಬೇಡಿ. ಅವರ ತೊಂದರೆ ಹೇಳಿ. ‘ವರ್ಷದ ಕೊನೆಗೆ ಬಿಲ್ಲುಗಳನ್ನು ಹುಡುಕೋದ್ರಲ್ಲಿ ನಿಮ್ಮವರು ಎಷ್ಟು ದಿನ ಕಳೀತಾರೆ?’ ಅಂತ ಕೇಳಿ ನೋಡಿ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ, ಒಬ್ಬರು ಉತ್ತರ ಕೊಡುತ್ತಾರೆ, ಆಮೇಲೆ ಅದು ಭಾಷಣ ಅಲ್ಲ, ನೀವು ದಿನಾ ಗ್ರಾಹಕರ ಜೊತೆ ಆಡುವ ಮಾತೇ ಆಗುತ್ತದೆ. ಗಮನ ನಿಮ್ಮ ಕೈಯಿಂದ, ಧ್ವನಿಯಿಂದ ಅವರ ಬಿಲ್ಲುಗಳ ಮೇಲೆ ಹೋಗುತ್ತದೆ. ನಿಮ್ಮ ಗಮನವೂ ಅಲ್ಲಿಗೇ ಹೋಗುತ್ತದೆ.

ಪ್ರಶ್ನೆ: ನಾನು ಮಾಡಿದ ಕೆಲಸದ ಫೋಟೋ ಇನ್‌ಸ್ಟಾಗ್ರಾಂಗೆ ಹಾಕಬೇಕು ಅಂತ ತೆರೆಯುತ್ತೇನೆ, ಹಳೆಯ ಸಹಪಾಠಿಗಳು, ಸಂಬಂಧಿಕರು ನೋಡಿ ಏನಂದುಕೊಳ್ತಾರೋ ಅಂತ ಅಳಿಸಿಬಿಡುತ್ತೇನೆ. ಹೀಗೆ ಎಷ್ಟು ಸಲ ಆಗಿದೆಯೋ.
– ಕಸೂತಿ ಕೆಲಸದವಳು

ಉತ್ತರ: 2000ದಲ್ಲಿ ಪ್ರಕಟವಾದ ಒಂದು ಪ್ರಯೋಗ ಹೇಳುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಈ ಮೇಲೆ ಹೇಳಿದ ಗಿಲೊವಿಚ್ ಮತ್ತು ಅವರ ಜೊತೆಯವರು ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರದ ಟೀ ಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಯೊಳಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಆಮೇಲೆ ಕೇಳಿದಾಗ, ಹಾಕಿಕೊಂಡವರು ಸುಮಾರು ಅರ್ಧದಷ್ಟು ಜನ ಅಂದರು. ಗಮನಿಸಿದ್ದವರು ಕಾಲು ಭಾಗಕ್ಕಿಂತ ಕಡಿಮೆ. ಎಲ್ಲರ ಕಣ್ಣು ನಮ್ಮ ಮೇಲೇ ಇದೆ ಅನ್ನುವುದು ನಮಗೆ ಅನಿಸುವ ಮಾತು. ಅವರವರಿಗೆ ಅವರವರದ್ದೇ ಚಿಂತೆ.

ನಿಮಗೆ ಕಷ್ಟವಾಗುತ್ತಿರುವುದು ಹಳೆಯ ಪರಿಚಯದವರ ಕಣ್ಣು. ಹಾಗಿದ್ದರೆ ಕೆಲಸಕ್ಕೇ ಅಂತ ಬೇರೆ ಖಾತೆ ತೆರೆಯಿರಿ. ಅದರಲ್ಲಿ ತಪ್ಪೇನಿಲ್ಲ. ನಿಮ್ಮ ಮುಖ ಹಾಕಲೇಬೇಕು ಅಂತ ಇಲ್ಲ, ಕೈ ಮತ್ತು ಸೂಜಿ ಸಾಕು. ಮುಗಿದ ಬಟ್ಟೆಯ ಫೋಟೋಗಿಂತ ಅರ್ಧ ಆಗಿರುವುದನ್ನು ತೋರಿಸುವುದು ನಿಮ್ಮಂಥವರಿಗೆ ಸುಲಭ, ಯಾಕೆಂದರೆ ಅಲ್ಲಿ ‘ಚೆನ್ನಾಗಿದೆ ನೋಡಿ’ ಅಂತ ಹೇಳಬೇಕಾಗಿಲ್ಲ. ಈ ದಾರ ಯಾಕೆ ಆರಿಸಿದೆ, ಈ ಎಲೆಗೆ ಯಾವ ಹೊಲಿಗೆ, ಎಷ್ಟು ಹೊತ್ತು ಹಿಡಿಯಿತು, ಇಷ್ಟು ಬರೆದರೆ ಸಾಕು. ಕೆಲಸ ಗೊತ್ತಿರುವವರು ಕೆಲಸದ ಬಗ್ಗೆ ಮಾತಾಡುವಾಗ ಕೇಳಲು ಚೆಂದ. ಒಂದು ಮಾತು ಮಾತ್ರ ಬೇಡ. ‘ಅಯ್ಯೋ ಎಷ್ಟು ಆರ್ಡರ್ ಬರ್ತಿದೆ, ನಿದ್ದೆ ಮಾಡೋಕೂ ಟೈಮಿಲ್ಲ’ ಅಂತ ಗೋಳಿನ ರೂಪದಲ್ಲಿ ಹೇಳಿಕೊಳ್ಳುವುದು. ದೂರಿನೊಳಗೆ ಹೊಗಳಿಕೆ ಬಚ್ಚಿಟ್ಟು ಹೇಳುವವರು ನೇರವಾಗಿ ಹೇಳಿಕೊಳ್ಳುವವರಿಗಿಂತ ಜನಕ್ಕೆ ಕಡಿಮೆ ಇಷ್ಟವಾಗುತ್ತಾರೆ ಎಂದು 2018ರ ಒಂದು ಅಧ್ಯಯನದಲ್ಲಿ ಕಂಡಿದೆ. ಸಂತೋಷ ಆಗಿದ್ದರೆ ಸಂತೋಷ ಆಯ್ತು ಅಂತಲೇ ಬರೆಯಿರಿ.

ಪ್ರಶ್ನೆ: ನನ್ನದು ನಾಚಿಕೆ ಅಲ್ಲ ಅನಿಸುತ್ತದೆ. ಫೋನ್ ರಿಂಗಾದರೆ ಬೆವರುತ್ತೇನೆ, ಅಂಗಡಿಯೊಳಗೆ ಹೋಗಲೂ ಆಗುವುದಿಲ್ಲ. ಎರಡು ಆರ್ಡರ್ ಫೋನ್ ತೆಗೆಯದೆ ತಪ್ಪಿಹೋಯಿತು.
– ಊರು ಹೆಸರು ಬೇಡ

ಉತ್ತರ: ದಯವಿಟ್ಟು ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ನೋಡಿ. ದಿನದ ಬದುಕಿಗೇ ಅಡ್ಡ ಬರುವ ಇಂಥ ಭಯ ಸೋಷಿಯಲ್ ಆಂಗ್ಸೈಟಿ ಎಂಬ ತೊಂದರೆಯಾಗಿರಬಹುದು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲೇ ಇದನ್ನು ಬೇರೆ ಕಾಯಿಲೆಯಾಗಿ ಗುರುತಿಸಿತು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಬೇಕಾದವರಿಗೆ ಔಷಧಿಯೂ ಇದೆ. ಇದು ಸೋಮಾರಿತನ ಅಲ್ಲ, ಹೇಡಿತನವೂ ಅಲ್ಲ. ಅಲ್ಲಿಯವರೆಗೆ ಗ್ರಾಹಕರಿಗೆ ‘ಫೋನ್‌ಗಿಂತ ಮೆಸೇಜ್ ಮಾಡಿದರೆ ಬೇಗ ಉತ್ತರ ಕೊಡ್ತೀನಿ’ ಅಂತ ಬರೆದು ಹಾಕಿ. ಎಷ್ಟೋ ಜನಕ್ಕೆ ಅದೇ ಅನುಕೂಲ. ಪತ್ರ ಬರೆದಿರಿ ನೋಡಿ, ಅಷ್ಟು ಮಾಡಿದವರಿಗೆ ಮುಂದಿನದೂ ಆಗುತ್ತದೆ. ವೈದ್ಯರ ಹತ್ತಿರ ಹೋಗಿ ಏನು ಹೇಳುವುದು ಅಂತ ತೋಚದಿದ್ದರೆ ನನಗೆ ಕಳಿಸಿದ ಈ ನಾಲ್ಕು ಸಾಲನ್ನೇ ತೋರಿಸಿ.

ಪ್ರಶ್ನೆ: ನನ್ನ ಹೆಂಡತಿ ಮನೆಯಿಂದಲೇ ಸಂಗೀತ ಪಾಠ ಹೇಳುತ್ತಾಳೆ. ತುಂಬಾ ಪ್ರತಿಭೆ ಇದೆ, ಒಂದು ಮಾತೂ ಹೇಳಿಕೊಳ್ಳುವುದಿಲ್ಲ. ಅವಳ ಪರವಾಗಿ ನಾನೇ ಎಲ್ಲ ಕಡೆ ಮಾತಾಡಿದರೆ ಆಗುತ್ತದಾ?
– ಒಬ್ಬ ಗಂಡ

ಉತ್ತರ: ಸ್ವಲ್ಪ ಮಟ್ಟಿಗೆ ಆಗುತ್ತದೆ. ಅದೇ ಮಾತನ್ನು ತಾನೇ ಹೇಳಿಕೊಂಡವರಿಗಿಂತ, ಬೇರೆಯವರು ಅವರ ಪರವಾಗಿ ಹೇಳಿದಾಗ ಕೇಳುವವರಿಗೆ ಜಾಸ್ತಿ ಹಿಡಿಸುತ್ತದೆ. ಜೆಫ್ರಿ ಫೆಫರ್, ರಾಬರ್ಟ್ ಸಿಯಾಲ್ಡಿನಿ ಮತ್ತು ಅವರ ಜೊತೆಯವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೇ ಕಂಡಿತು. ಆದರೆ ಗಂಡ ಹೇಳುವುದಕ್ಕಿಂತ ಪಾಠ ಕಲಿಯುತ್ತಿರುವವರು, ಮಕ್ಕಳ ತಂದೆ ತಾಯಿ ಹೇಳಿದರೆ ಅದರ ತೂಕವೇ ಬೇರೆ, ಅವರು ಪಾಠ ಕೇಳಿದವರು. ಅವರಿಂದ ಎರಡು ಸಾಲು ಬರೆಸಿಕೊಳ್ಳಲು ನಿಮ್ಮವರಿಗೆ ಹೇಳಿ. ಕೇಳಲು ಸಂಕೋಚ ಅನ್ನುತ್ತಾರೆ. ಸಹಾಯ ಕೇಳಿದರೆ ಎಷ್ಟು ಜನ ಒಪ್ಪುತ್ತಾರೆ ಎಂಬುದನ್ನು ನಾವೆಲ್ಲ ನಿಜಕ್ಕಿಂತ ತುಂಬಾ ಕಡಿಮೆ ಅಂದಾಜು ಮಾಡುತ್ತೇವೆ, ಇದನ್ನು 2008ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ತೋರಿಸಿದರು. ‘ಇಲ್ಲಿ ಕಲಿಯೋಕೆ ಶುರು ಮಾಡಿದ ಮೇಲೆ ಏನು ಬದಲಾಯ್ತು, ಎರಡು ಸಾಲು ಬರೆದುಕೊಡ್ತೀರಾ’ ಅಂತ ನಿರ್ದಿಷ್ಟವಾಗಿ ಕೇಳಿದರೆ ಬರೆಯುವವರಿಗೂ ಸುಲಭ.

ಅವರಿಗೆ ಬರುವ ಫೋನನ್ನು ಮಾತ್ರ ನೀವು ತೆಗೆಯಬೇಡಿ. ಯಾವ ಹೊತ್ತಿಗೆ ಪಾಠ, ಎಷ್ಟು ಫೀಸು, ಯಾರನ್ನು ಸೇರಿಸಿಕೊಳ್ಳುವುದು, ಅದು ಅವರ ಮಾತು. ನೀವು ತೆಗೆದಷ್ಟು ದಿನ ಅವರಿಗೆ ಆ ಮಾತು ರೂಢಿಯಾಗುವುದಿಲ್ಲ. ಮತ್ತೆ, ಹೀಗೊಂದು ಪತ್ರ ಬರೆದಿದ್ದೀರಿ ಅಂತ ಮೊದಲು ಅವರಿಗೆ ಹೇಳಿ. ಎಲ್ಲಿ ನಿಮ್ಮ ಸಹಾಯ ಬೇಕು, ಎಲ್ಲಿ ಬೇಡ ಅಂತ ಅವರನ್ನೇ ಕೇಳಿ.